ಜೇನುನೊಣ ಕಂಡ ಹೂವು

ಜೇನುನೊಣಕ್ಕೆ ಹೂವು ಹೇಗೆ ಕಾಣುತ್ತದೋ ಹಾಗೆಯೇ ಫೋಟೋ ತೆಗೆದು ತೋರಿಸುತ್ತೇನೆ, ಈ ಭಾನುವಾರವೇ, ಎಂದು ಸ್ಟುಡಿಯೋ ಇಟ್ಟಿದ್ದ ಅಪ್ಪ ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಆರು ವರ್ಷ. ತಾನೇ ಬಣ್ಣ ಬಳಿದ ಕಾಗದದ ಹೂವನ್ನು ಕಿಟಕಿಗೆ ಅಂಟಿಸಿ ಇಡೀ ದಿನ ಕಾದಿದ್ದಳು. ಒಂದು ಜೇನುನೊಣವೂ ತಿರುಗಿ ನೋಡದಿದ್ದಾಗ ಗೊಳೋ ಎಂದು ಅತ್ತಿದ್ದಳು. ನಿಜವಾದ ಹೂವಿನಲ್ಲಿ ನಮ್ಮ ಕಣ್ಣಿಗೆ ಬೀಳದ ಗುರುತೊಂದಿರುತ್ತದೆ, ಅತಿನೇರಳೆ ಬೆಳಕಿನಲ್ಲಷ್ಟೇ ತೋರುತ್ತದೆ ಎಂದು ಎಲ್ಲೋ ಓದಿದ್ದನ್ನು ಹೇಳಿ ಅಪ್ಪ ಕಣ್ಣೀರು ಒರೆಸಿದ್ದ.

ಆ ಭಾನುವಾರ ಬರಲು ಒಂಬತ್ತು ವರ್ಷ ಹಿಡಿಯಿತು. ನಡುವೆ ಬಂದುಹೋದ ನಾನೂರು ಚಿಲ್ಲರೆ ಭಾನುವಾರಗಳು ಬೇರೆ ಯಾರದೋ ಇರಬೇಕು. ಪಾಪ, ಅಪ್ಪನಿಗೆ ಪುರುಸೊತ್ತೆಲ್ಲಿ? ಗುರುತಿನ ಚೀಟಿಯ ಫೋಟೋದಲ್ಲಿ ಊರವರ ಎರಡೂ ಕಿವಿ ಕಾಣುವಂತೆ ನೋಡಿಕೊಳ್ಳುವ ಮಹಾಕಾರ್ಯ ಅವನ ತಲೆಯ ಮೇಲಿತ್ತು. ಜೊತೆಗೆ, ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ರಕ್ಷಣೆಯ ಗಾಜನ್ನು ಕ್ಯಾಮೆರಾ ಇದ್ದವರಿಗೆಲ್ಲ ಮಾರಬೇಕಿತ್ತು. ಮಗಳು ಕೇಳಿದಾಗಲೆಲ್ಲ “ನಾಳೆ” ಎಂದ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಶಾಲೆಗೆ ಅಪ್ಪ ಬರುತ್ತಾರಾ ಎಂದು ಟೀಚರ್ ವಿಚಾರಿಸಿದರೆ, “ಬರ್ತಾರೆ ಮಿಸ್, ನಾಳೆ” ಎಂದು ನಕ್ಕಳಂತೆ. ಹೆಂಡತಿ ಇದನ್ನು ಬಡಿಸುತ್ತ ಬಡಿಸುತ್ತ ಹೇಳಿದಳು. ಇನ್ನು ತಡಮಾಡಿದರೆ ಮಗಳ ಪಾಲಿಗೆ ತನ್ನ ಮಾತು ಶಾಶ್ವತವಾಗಿ ನಗೆಪಾಟಲು ಎಂಬುದು ಅವನಿಗೂ ಹೊಳೆಯಿತು.

ಹಳೆಯ ಕ್ಯಾಮೆರಾದ ಹೊಟ್ಟೆ ಬಿಚ್ಚಿಸಿ, ಅತಿನೇರಳೆಯನ್ನು ತಡೆಯುವ ಒಳಗಾಜನ್ನು ತೆಗೆಸಿದ. ಅತಿನೇರಳೆಯನ್ನಷ್ಟೇ ಬಿಡುವ ಕಪ್ಪು ಗಾಜು ತರಿಸಿದ. ಸ್ಟುಡಿಯೋದ ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಅತಿನೇರಳೆ ದೀಪ ಹಚ್ಚಿ, ಹಳದಿ ಹೂವಿನ ಎಸಳಿಗೆ ತಾಗುವಷ್ಟು ಹತ್ತಿರ ಲೆನ್ಸ್ ತಂದು, ಉಸಿರು ಬಿಗಿಹಿಡಿದು ಮೂವತ್ತು ಸೆಕೆಂಡ್ ನಿಂತ. ಚಿತ್ರ ಬಂತು: ಬಾಣಲೆಯ ತಳದಷ್ಟು ಕಪ್ಪು.

ತಪ್ಪು ಹೂವಿನದು ಎಂದು ಹೂವು ಬದಲಿಸಿದ. ದೀಪದ್ದು ಎಂದು ದೀಪ ಬದಲಿಸಿದ. ನೆಲ ಅದುರಿಸುತ್ತದೆ ಎಂದು ಪಕ್ಕದ ಮನೆಯ ಮಿಕ್ಸಿಯನ್ನೂ ಬಿಡಲಿಲ್ಲ. ತಪ್ಪು ತನ್ನದಿರಬಹುದು ಎಂಬ ಯೋಚನೆ ಮಾತ್ರ ಆ ಕೋಣೆಗೆ ಕಾಲಿಡಲಿಲ್ಲ. ಮೂರು ಭಾನುವಾರ, ಇಪ್ಪತ್ತೆಂಟು ಹೂವು. ಕುಂಡಗಳ ಒಡತಿಯಾದ ಹೆಂಡತಿ, ನೀವು ತೆಗೆಯುತ್ತಿರುವುದು ಫೋಟೋನೋ ಹೂವಿನ ಪ್ರಾಣವೋ ಎಂದು ವಿಚಾರಿಸಿಕೊಂಡಳು.

ನಾಲ್ಕನೆಯ ಭಾನುವಾರ ಊಟದ ಡಬ್ಬಿ ತಂದ ಮಗಳು ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಥೇಟ್ ಅಪ್ಪನ ಅಂಗಡಿ ದನಿಯಲ್ಲಿ ಶುರುಮಾಡಿದಳು:

“ಈ ಗಾಜು ಹಾಕಿಸ್ಕೊಳ್ಳಿ ಸಾರ್, ಲೆನ್ಸಿಗೆ ಗೀರು ಬೀಳಲ್ಲ. ಅತಿನೇರಳೆ ಕಿರಣ ಒಂದು ಚೂರೂ ಒಳಗೆ ಬರಲ್ಲ. ನಂದೇ ಗ್ಯಾರಂಟಿ.”

ಅಪ್ಪ ಲೆನ್ಸಿನ ಮೂತಿ ನೋಡಿದ. ದುಬಾರಿ ಕಪ್ಪು ಗಾಜಿನ ಮುಂದೆ, ಇಪ್ಪತ್ತು ವರ್ಷದ ಅಭ್ಯಾಸದ ಕೈ ತಾನಾಗಿ ಕೂರಿಸಿದ್ದ ರಕ್ಷಣೆಯ ಗಾಜು ಫಳಫಳ ಹೊಳೆಯುತ್ತಿತ್ತು.

“ನೀನು ಹೇಳಿದ್ರಲ್ಲಿ ಇದೊಂದಾದ್ರೂ ನಿಜ ಆಯ್ತಲ್ಲಪ್ಪ,” ಎಂದಳು.

ಅಪ್ಪ ಗಾಜು ಬಿಚ್ಚಿದ. ಮಗಳು ಡಬ್ಬಿ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಮೂವತ್ತು ಸೆಕೆಂಡ್ ಇಬ್ಬರೂ ಉಸಿರಾಡಲಿಲ್ಲ. ಬರಿಗಣ್ಣಿಗೆ ಅಪ್ಪಟ ಹಳದಿಯಾಗಿದ್ದ ಹೂವು ಪರದೆಯ ಮೇಲೆ ಬೇರೆಯೇ ಆಗಿ ಬಂತು. ಎಸಳಿನ ತುದಿಗಳು ಬೆಳ್ಳಗೆ, ನಡುವೆ ಕಡುಗಪ್ಪು ವೃತ್ತ, ಬಾ, ಇಲ್ಲೇ ಇಳಿ ಎಂದು ಜಾಗ ಮಾಡಿಟ್ಟ ಹಾಗೆ.

ಮಗಳು ಆ ವೃತ್ತದ ಮೇಲೆ ಬೆರಳಿಟ್ಟಳು. “ಕಾಗದದ ಹೂವಲ್ಲಿ ನಾನು ಇದನ್ನ ಬರೆದಿರ್ಲಿಲ್ಲ. ಅದಕ್ಕೇ ಬರ್ಲಿಲ್ಲ ಜೇನುನೊಣ.”

ಉಳಿದಿದ್ದ ಕೆಂಪು ಹೂವನ್ನು ನಾಳೆ ತೆಗೆಯೋಣ ಎನ್ನಲು ಹೊರಟ ಅಪ್ಪ, ಅವಳ ಮುಖ ನೋಡಿ, ಕುಂಡದತ್ತ ನಡೆದ.

ಕೊಟ್ಟ ಮಾತು ನಡೆಯಿತು. ಒಂಬತ್ತು ವರ್ಷ ತಡವಾಗಿ.