ಅಳು ಬಾರದ ಇಬ್ಬರು

ಎಸ್ಟೇಟಿನ ದಾರಿಗಾಗಿ ಎರಡು ಊರುಗಳು ಹೊಡೆದಾಡಿ ವರ್ಷ ತುಂಬಿದ ದಿನ, ಶಾಂತಿ ಸಮಿತಿಯವರು ಸತ್ತವರ ಮನೆಯವರನ್ನೆಲ್ಲ ವ್ಯಾನಿನಲ್ಲಿ ಯಸಳೂರಿನ ಕಡೆ ಕರೆದುಕೊಂಡು ಹೋದರು. ಆ ಗಲಾಟೆಯಲ್ಲಿ ಗಂಡ ಸಿಲ್ವೆಸ್ಟರ್‌ನನ್ನು ಕಳೆದುಕೊಂಡ ಲಿಲಿಯನ್ ಕಿಟಕಿಯ ಪಕ್ಕ ಕೂತಿದ್ದಳು. ಕರೆದರೆಂದು ಬಂದಿದ್ದಳು, ಅಷ್ಟೆ.

ಗಲಾಟೆ ನಡೆದ ಜಾಗದಲ್ಲಿ ಸಮಿತಿಯ ಶ್ರೀನಾಥ್ ಎಲ್ಲರನ್ನೂ ಇಳಿಸಿ, ಅಂದು ನಡೆದದ್ದನ್ನು ವಿವರಿಸಿದ. ಆಮೇಲೆ ಲಿಲಿಯನ್‌ಳನ್ನು ಆಚೆ ಊರಿನ ಗಿರಿಜಮ್ಮನ ಪಕ್ಕ ನಿಲ್ಲಿಸಿದ. ಗಿರಿಜಮ್ಮನ ಮಗನೂ ಅದೇ ದಿನ ಅಲ್ಲೇ ಸತ್ತಿದ್ದ.

"ಇಬ್ರೂ ಕೈ ಹಿಡ್ಕೊಳ್ಳಿ. ಮನಸ್ಸು ಬಿಚ್ಚಿ ಅತ್ತುಬಿಡಿ" ಎಂದ ಶ್ರೀನಾಥ್.

ಲಿಲಿಯನ್ ಮುದುಕಿಯ ಒರಟು ಕೈ ಹಿಡಿದಳು. ಸಿಟ್ಟಾದರೂ ಬರಬಹುದೆಂದು ಕಾದಳು, ಅದೂ ಬರಲಿಲ್ಲ. ಗಂಡ ಬಿದ್ದಿದ್ದ ಕಡೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅದನ್ನೇ ನೋಡುತ್ತ ನಿಂತಳು.

"ನಂಗೆ ಅಳು ಬರಾಕಿಲ್ಲ ಕಣವ್ವ" ಎಂದಳು ಗಿರಿಜಮ್ಮ ಮೆಲ್ಲಗೆ. "ಊರೋರು ಕಲ್ಲೆದೆ ಅಂತಾರೆ."

"ನಂಗೂ ಬರಲ್ಲ, ಅಮ್ಮ" ಎಂದಳು ಲಿಲಿಯನ್. ಇದನ್ನು ಅವಳು ಪಾದ್ರಿಗಳ ಹತ್ತಿರವೂ ಹೇಳಿರಲಿಲ್ಲ.

ಶ್ರೀನಾಥ್ ಇನ್ನೂ ಕಾಯುತ್ತಿದ್ದ.

"ಬಿಸ್ಲು ಜೋರೈತೆ. ನಮ್ಮನೆ ಇಲ್ಲೇ ಹತ್ರ ಐತೆ ಬಾರವ್ವ, ಕಾಫಿ ಕಾಯಿಸ್ತೀನಿ" ಎಂದು ಗಿರಿಜಮ್ಮ ಹಿಡಿದ ಕೈ ಬಿಡದೆ ಹೊರಟಳು. ಲಿಲಿಯನ್ ಅವಳ ಜೊತೆ ನಡೆದಳು.