ಕೋಟ್ ಬಸಂತಾದ ಹಿತ್ತಾಳೆ ಪರಾತ

ನಾನು ಹಿಟ್ಟು ನಾದುವ ಒಂದು ಹಿತ್ತಾಳೆ ಪರಾತ. ಹುಟ್ಟಿದ್ದು ಪಂಜಾಬಿನ ಜಂಡಿಯಾಲಾದಲ್ಲಿ, ಪಾತ್ರೆ ಬಡಿಯುವವರ ಓಣಿಯಲ್ಲಿ. ಅಲ್ಲಿ ಹಗಲೆಲ್ಲ ಸುತ್ತಿಗೆಯ ಸದ್ದು. ಮಾತಾಡಬೇಕಾದರೆ ಕೂಗಬೇಕು. ಒಬ್ಬ ಮುದುಕ ನನ್ನನ್ನು ಕಾಲಿನಿಂದ ಒತ್ತಿ ಹಿಡಿದು, ತಿರುಗಿಸಿ ತಿರುಗಿಸಿ ಬಡಿದು ದುಂಡಗೆ ಮಾಡಿದ. ಅವನ ಸೊಸೆ ಹುಣಸೆಹುಳಿ ಹಾಕಿ ಉಜ್ಜಿದಳು. ಒಳಗೆ ಕಲಾಯಿ ಹಾಕಿದರು. ಮಗಳ ಮದುವೆ ಗೊತ್ತಾಗಿದ್ದ ರೈತನೊಬ್ಬ ಬಂದು, ಬೆರಳಿನ ಗೆಣ್ಣಿನಿಂದ ನನ್ನನ್ನು ತಟ್ಟಿ, ನಾದ ಕೇಳಿ ಎತ್ತಿಕೊಂಡು ಹೋದ.

ಆ ಮಗಳು ಬಚಿಂತ್ ಕೌರ್. ಅವಳ ಜೊತೆ ನಾನು ತರನ್ ತಾರನ್ ಜಿಲ್ಲೆಯ ಕೋಟ್ ಬಸಂತಾ ಎಂಬ ಹಳ್ಳಿಗೆ ಬಂದೆ. ಸಿಖ್ಖರ ಪಾಲಿಗೆ ಆ ಜಿಲ್ಲೆಯ ಮಣ್ಣೆಲ್ಲ ಪುಣ್ಯದ ಮಣ್ಣು. ತರನ್ ತಾರನ್ನಿನ ದೊಡ್ಡ ಸರೋವರಕ್ಕೆ ಅಮಾವಾಸ್ಯೆಯಂದು ಜನ ಹರಿದು ಬರುತ್ತಾರೆ. ಖಡೂರಿನಲ್ಲಿ ಗುರುವಿನ ಹೆಂಡತಿ ತಾನೇ ನಿಂತು ಬಂದವರಿಗೆಲ್ಲ ತುಪ್ಪದ ಪಾಯಸ ಬಡಿಸುತ್ತಿದ್ದಳಂತೆ. ಬಿಯಾಸ್ ನದಿಯ ದಂಡೆಯ ಗೋಯಿಂದವಾಲಿನಲ್ಲಿ ಗುರುವನ್ನು ನೋಡಬೇಕಾದರೆ ಮೊದಲು ಎಲ್ಲರ ಜೊತೆ ನೆಲದ ಮೇಲೆ ಕೂತು ಊಟ ಮಾಡಬೇಕಿತ್ತು. ದಿಲ್ಲಿಯ ಬಾದಶಹನೇ ಹಾಗೆ ಕೂತಿದ್ದ ಎಂದು ಹೇಳುತ್ತಾರೆ. ಬಚಿಂತ್ ಕೌರ್ ಈ ಕಥೆಗಳನ್ನು ಹಿಟ್ಟು ನಾದುತ್ತಲೇ ಮಕ್ಕಳಿಗೆ ಹೇಳುತ್ತಿದ್ದಳು. "ನಾವು ಇಂಥ ನೆಲದವರು, ಮರೀಬೇಡಿ" ಎನ್ನುತ್ತಿದ್ದಳು.

ಮಗ ಲಖ್ಬೀರ್ ವಿಷಮಶೀತ ಜ್ವರದಿಂದ ಎದ್ದು ಕೂತ ವರ್ಷ ಅವಳು ನನ್ನನ್ನು ತೊಳೆದು, ತಲೆಯ ಮೇಲೆ ಹೊತ್ತು, ಊರಿನ ಗುರುದ್ವಾರದ ಲಂಗರ್‌ಗೆ ಕೊಟ್ಟಳು. ಬಂದವರಿಗೆಲ್ಲ ಊಟ ಹಾಕುವ ಅಡುಗೆಮನೆಗೆ ಲಂಗರ್ ಎನ್ನುತ್ತಾರೆ. ನನ್ನನ್ನು ಕೊಟ್ಟವಳು ತಾನೂ ಅಲ್ಲೇ ನಿಂತಳು. ಕೆಲವೇ ವರ್ಷಗಳಲ್ಲಿ ಆ ಅಡುಗೆಮನೆ ಅವಳ ಮಾತಿನಂತೆ ನಡೆಯತೊಡಗಿತು. ಅವಳು ಒಳ್ಳೆಯವಳು. ಹಸಿದವರನ್ನು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದನ್ನು ಕೆಟ್ಟವಳೊಬ್ಬಳು ಮಾಡಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಊರ ಕೆರೆಯಾಚೆ ಒಂದು ಕೇರಿಯಿತ್ತು. ಅಲ್ಲಿಯವರೂ ಸಿಖ್ಖರೇ. ಅದೇ ಪೇಟ, ಅದೇ ಪ್ರಾರ್ಥನೆ. ಆದರೆ ಜಮೀನಿಲ್ಲದವರು, ಬೇರೆಯವರ ಹೊಲದಲ್ಲಿ ದುಡಿಯುವವರು; ಅವರ ಜಾತಿಯ ಹೆಸರನ್ನು ಊರವರು ದನಿ ತಗ್ಗಿಸಿ ಹೇಳುತ್ತಿದ್ದರು. ಅವರು ಗುರುದ್ವಾರಕ್ಕೆ ಬರುತ್ತಿದ್ದರು, ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು, ತಟ್ಟೆ ತೊಳೆದು ಹೋಗುತ್ತಿದ್ದರು. ಹಿಟ್ಟಿನ ಹತ್ತಿರ ಮಾತ್ರ ಬರುತ್ತಿರಲಿಲ್ಲ. ಬರಬೇಡಿ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಆ ಕೇರಿಗೆ ಹೊಸದಾಗಿ ಮದುವೆಯಾಗಿ ಬಂದವಳು ನಸೀಬ್ ಕೌರ್. ಎಲ್ಲರೂ ಸೀಬೋ ಎನ್ನುತ್ತಿದ್ದರು. ಅವಳ ತವರಿನಲ್ಲಿ ಪದ್ಧತಿ ಬೇರೆಯಿತ್ತೋ ಏನೋ, ಗುರುವಿನ ಹಬ್ಬದ ಬೆಳಿಗ್ಗೆ ನೇರವಾಗಿ ಒಳಗೆ ಬಂದಳು. ಕೈ ತೊಳೆದಳು, ತಲೆಯ ಮೇಲಿನ ದುಪಟ್ಟಾ ಬಿಗಿದುಕೊಂಡಳು, ನನ್ನ ಮುಂದೆ ಮಂಡಿಯೂರಿ ಹಿಟ್ಟಿಗೆ ನೀರು ಹಾಕಿದಳು. ಎಂಥ ಕೈ ಅದು! ಅಂಗೈಯ ಬುಡದಿಂದ ಒತ್ತಿ, ಮಡಿಸಿ, ಮತ್ತೆ ಒತ್ತಿ ನಾದುತ್ತಿದ್ದಳು. ನಾನು ನೆಲದ ಮೇಲೆ ಒಂದಿಷ್ಟೂ ಜರುಗಲಿಲ್ಲ.

ಪಕ್ಕದಲ್ಲಿದ್ದವಳು ಸೊಂಟ ನೋವೆಂದು ಎದ್ದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಪ್ರೀತಮ್ ಎಂಬ ನೆರೆಮನೆಯವಳು ಬಚಿಂತ್ ಕೌರ್‌ಳ ಕಿವಿಯಲ್ಲಿ ಏನೋ ಹೇಳಿದಳು. ಬಚಿಂತ್ ಕೌರ್ ಬಂದು ನಗುಮುಖದಿಂದಲೇ ನನ್ನ ಅಂಚು ಹಿಡಿದಳು.

"ಮಗಳೇ, ಹೊರಗೆ ತಟ್ಟೆ ತೊಳೆಯೋಕೆ ಜನ ಇಲ್ಲ. ನೀನು ಅಲ್ಲಿಗೆ ಹೋಗಮ್ಮ. ಅದೂ ಸೇವೆನೇ."

"ಇದೊಂದು ಮುಗಿಸಿ ಹೋಗ್ತೀನಿ ಚಾಚೀಜೀ. ಇನ್ನೇನು ಹದಕ್ಕೆ ಬಂತು."

"ಬಿಡು, ನಾವು ನೋಡ್ಕೋತೀವಿ."

ನನ್ನನ್ನು ಎಳೆದಳು. ಸೀಬೋಳ ಕೈ ಇನ್ನೂ ಹಿಟ್ಟಿನಲ್ಲಿತ್ತು. ಅವಳು ಒಂದು ಗಳಿಗೆ ತಾನು ಚಿಕ್ಕಮ್ಮನೆಂದು ಕರೆದವಳ ಮುಖ ನೋಡಿದಳು, ಆಮೇಲೆ ಪ್ರೀತಮ್‌ಳ ಮುಖ ನೋಡಿದಳು. ಬೆರಳಿಗೆ ಅಂಟಿದ್ದನ್ನು ನನ್ನ ಅಂಚಿಗೆ ಒರೆಸಿ ಎದ್ದು ಹೋದಳು.

ಅಷ್ಟಕ್ಕೇ ಮುಗಿದಿದ್ದರೆ ಜನ ಮರೆಯುತ್ತಿದ್ದರು. ಬಚಿಂತ್ ಕೌರ್ ನನ್ನನ್ನು ಹಿತ್ತಿಲಿಗೆ ಒಯ್ದು, ಆ ಹಿಟ್ಟನ್ನೆಲ್ಲ ಎಮ್ಮೆಯ ಬಾನಿಗೆ ಬೋರಲು ಹಾಕಿದಳು. ಬೆರಳಿನ ಗುರುತುಗಳು ಹಾಗೇ ಇದ್ದ ಮುದ್ದೆ ಸದ್ದಿಲ್ಲದೆ ಬಿತ್ತು. ಅವಳು ತಲೆ ಎತ್ತಿದರೆ, ಎಂಜಲು ತಟ್ಟೆಗಳ ರಾಶಿ ಹಿಡಿದು ಸೀಬೋ ಎದುರಿಗೇ ನಿಂತಿದ್ದಳು. ತಟ್ಟೆಗಳನ್ನು ಮೆಲ್ಲಗೆ ನೆಲಕ್ಕಿಟ್ಟು ಹಿತ್ತಿಲ ಬಾಗಿಲಿನಿಂದ ಹೊರಟುಹೋದಳು.

ಆಮೇಲೆ ಬಚಿಂತ್ ಕೌರ್ ನನ್ನನ್ನು ಬೂದಿ ಹಾಕಿ ಉಜ್ಜಿದಳು. ಕಲಾಯಿ ಎದ್ದುಬರುವ ಹಾಗೆ ಉಜ್ಜಿದಳು.

ಆ ಕೇರಿಯವರು ಬರುವುದನ್ನು ನಿಲ್ಲಿಸಿದರು. ಕೂಲಿ ಮುಗಿಸಿ ಬಂದು ಸಂಜೆ ಹೊತ್ತು ಇಟ್ಟಿಗೆ ಹೊತ್ತು, ಕೆರೆಯಾಚೆ ತಮ್ಮದೇ ಒಂದು ಸಣ್ಣ ಗುರುದ್ವಾರ ಕಟ್ಟಿಕೊಂಡರು. "ಅವರಿಗೆ ಅವರದೇ ಬೇಕಂತೆ, ಏನು ಮಾಡೋದು" ಎಂದು ನಮ್ಮ ಕಡೆಯ ಹಿರಿಯರು ಮಾತಾಡಿಕೊಂಡರು. ಬಚಿಂತ್ ಕೌರ್ ನನ್ನ ಮುಂದೆ ಕೂತು ಬಾದಶಹನ ಕಥೆ ಹೇಳುವುದನ್ನು ಬಿಟ್ಟಳು. ಮೊಮ್ಮಕ್ಕಳು ಕೇಳಿದರೂ "ನಿಮ್ಮಪ್ಪನ್ನ ಕೇಳಿ" ಎನ್ನುತ್ತಿದ್ದಳು.

ವರ್ಷಗಳು ಕಳೆದವು. ಗೋಯಿಂದವಾಲಿನಲ್ಲಿ ದೊಡ್ಡ ಮೇಳ ನಡೆದಾಗ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಪಾತ್ರೆಗಳೂ ಜನರೂ ಹೋದರು. ನಾನೂ ಹೋದೆ. ಅಲ್ಲಿಯ ಅಡುಗೆಮನೆಯಲ್ಲಿ ಯಾರು ಯಾವ ಊರಿನವರೆಂದು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ಯಾರೋ ಹಿಟ್ಟು ಸುರಿದರು, ಯಾರೋ ನೀರು ಹೊಯ್ದರು. ಬಚಿಂತ್ ಕೌರ್ ಒಂದು ಕಡೆಯಿಂದ ನಾದತೊಡಗಿದಳು, ಎದುರಿನಿಂದ ಇನ್ನೊಂದು ಜೊತೆ ಕೈ ಬಂತು. ಆ ಒತ್ತು ನನಗೆ ಕೂಡಲೇ ಗೊತ್ತಾಯಿತು. ಬಚಿಂತ್ ಕೌರ್‌ಗೆ ಗೊತ್ತಾದದ್ದು ದನಿ ಕೇಳಿದ ಮೇಲೆ.

"ಇದೂ ಎಮ್ಮೆಗೇನಾ, ಚಾಚೀಜೀ?"

ಸೀಬೋ ಸಿಟ್ಟಿನಿಂದ ಕೇಳಲಿಲ್ಲ. ನಾದುವುದನ್ನೂ ನಿಲ್ಲಿಸಲಿಲ್ಲ. ಬಚಿಂತ್ ಕೌರ್‌ಳ ಕೈ ಹಿಟ್ಟಿನಲ್ಲೇ ಹೂತುಕೊಂಡಿತು. ಕೆಳಗಿನಿಂದ ನೋಡುವ ನನಗೆ ಅವಳ ಮುಖ ಪೂರ್ತಿ ಕಾಣುತ್ತಿತ್ತು. ಕಿವಿಯ ತುದಿಯವರೆಗೂ ಕೆಂಪಾಗಿತ್ತು. ತುಟಿ ಅಲ್ಲಾಡಿ ಅಲ್ಲಾಡಿ ಕೊನೆಗೆ ಮಾತು ಹೊರಟಿತು.

"ತಪ್ಪಾಯ್ತು ಸೀಬೋ."

"ಅಲ್ಲಿ ಎಲ್ಲರ ಎದುರಿಗೆ ಎಳ್ಕೊಂಡ್ರಿ. ಇಲ್ಲಿ ಯಾರಿಗೂ ಕೇಳಿಸದ ಹಾಗೆ ತಪ್ಪಾಯ್ತು ಅಂತೀರಿ" ಎಂದಳು ಸೀಬೋ. "ಹಿಟ್ಟು ಒಣಗ್ತಿದೆ, ಸ್ವಲ್ಪ ನೀರು ಹಾಕಿ."

ಊರಿಗೆ ಮರಳುವಾಗ ಟ್ರ್ಯಾಕ್ಟರಿನಲ್ಲಿ ಹೆಂಗಸರೆಲ್ಲ ಹಾಡು ಹೇಳಿಕೊಂಡು ಬಂದರು. ಬಚಿಂತ್ ಕೌರ್ ಮುಸುಕು ಎಳೆದುಕೊಂಡು ಕೂತಿದ್ದಳು.

ಮುಂದಿನ ತಿಂಗಳು ಹುಟ್ಟುವ ಸಂಕ್ರಮಣದಂದು ಊರಿನ ಗುರುದ್ವಾರದಲ್ಲಿ ಪ್ರಾರ್ಥನೆ ಮುಗಿಯುತ್ತಲೇ ಅವಳು ಎದ್ದು ನಿಂತಳು. ಅಡುಗೆಮನೆಯ ಬಾಗಿಲು ತೆರೆದಿತ್ತು, ಒಳಗಿದ್ದ ನನಗೆ ಪ್ರತಿ ಮಾತೂ ಕೇಳಿಸಿತು.

"ಸೀಬೋ ನಾದಿದ ಹಿಟ್ಟನ್ನ ನಾನು ಎಮ್ಮೆಗೆ ಹಾಕಿದೆ. ಹಿಟ್ಟು ಚೆನ್ನಾಗೇ ಇತ್ತು. ಅವಳ ಜಾತಿ ನೋಡಿ ಹಾಕಿದೆ. ಅವರು ಬೇರೆ ಗುರುದ್ವಾರ ಕಟ್ಟಿದ್ದು ಅದಕ್ಕೇ."

"ಬೇಬೇ, ಕೂತ್ಕೋ" ಎಂದು ಲಖ್ಬೀರ್ ತಾಯಿಯ ಶಾಲು ಜಗ್ಗಿದ. ಅವನೂ ಆಗ ಊರಿನ ಹಿರಿಯರಲ್ಲೊಬ್ಬ. "ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಅಂತಾನೇ ಎದ್ದಿದ್ದು."

ಪ್ರೀತಮ್ "ಆಗಿಹೋದದ್ದನ್ನ ಈಗ್ಯಾಕೆ ಕೆದಕ್ತೀಯ" ಎಂದಳು. ಬಚಿಂತ್ ಕೌರ್ ಒಳಗೆ ಬಂದು ನನ್ನನ್ನು ತಲೆಯ ಮೇಲೆ ಇಟ್ಟುಕೊಂಡಳು. ನಡು ಹಗಲಿನಲ್ಲಿ, ಊರೆಲ್ಲ ನೋಡುತ್ತಿರುವಂತೆ, ಕೆರೆಯ ಏರಿ ದಾಟಿ ಆಚೆ ಕೇರಿಗೆ ನಡೆದಳು. ಜೊತೆಗೆ ಯಾರೂ ಬರಲಿಲ್ಲ. ಸೀಬೋ ನನ್ನನ್ನು ಇಳಿಸಿಕೊಂಡು ಅವರ ಸಣ್ಣ ಗುರುದ್ವಾರದ ಅಡುಗೆಮನೆಯ ಗೋಡೆಗೆ ಒರಗಿಸಿದಳು; ನಾನು ಅಲ್ಲೇ ಉಳಿದೆ. "ಊಟದ ಸಾಲು ಕೂತಿದೆ, ಬನ್ನಿ" ಎಂದಳು. ಮುದುಕಿ ಆ ಕೇರಿಯ ಮಕ್ಕಳ ನಡುವೆ ಕೂತು ಉಂಡಳು. ಅಂದಿನಿಂದ ಸಾಯುವ ತನಕ ಪ್ರತಿ ಸಂಕ್ರಮಣಕ್ಕೆ ಬಂದಳು. ಒಬ್ಬಳೇ ಬಂದಳು.

ಅವಳು ಸತ್ತ ಮೇಲೆ ಒಂದು ದಿನ ಲಖ್ಬೀರ್ ನಮ್ಮ ಬಾಗಿಲಿಗೆ ಬಂದ. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಸಾಲಿನ ತುದಿಯಲ್ಲಿ ಕೂತ. ಸೀಬೋ ಹಾಕಿದ ರೊಟ್ಟಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಂಡ. ಉಂಡು, ತಟ್ಟೆ ತೊಳೆದಿಟ್ಟು, ನನ್ನ ಹತ್ತಿರ ಬಂದು ನಿಂತ.

"ಇದು ನಮ್ಮ ಬೇಬೇದು. ಊರಿನ ಲಂಗರ್‌ನಲ್ಲಿ ಇಟ್ಕೋಬೇಕು ಅಂತ ಆಸೆ. ಒಯ್ಯಬಹುದಾ?"

"ಒಯ್ಯಿ ಅಣ್ಣಾ, ಧಾರಾಳವಾಗಿ ಒಯ್ಯಿ" ಎಂದಳು ಸೀಬೋ. "ಅಲ್ಲಿ ಇದರಲ್ಲಿ ಹಿಟ್ಟು ನಾದೋಕೆ ನನ್ನ ಕರೀತೀರಾ?"

ಲಖ್ಬೀರ್ ನನ್ನ ಅಂಚಿನ ಮೇಲೆ ಕೈ ಇಟ್ಟಿದ್ದ. ಆ ಕೈ ಬೆವರಿತು. ಕೊನೆಗೆ ಕೈ ತೆಗೆದುಕೊಂಡು, ನನ್ನನ್ನು ಅಲ್ಲೇ ಬಿಟ್ಟು ಹೋದ.

ಈಗ ಸೀಬೋಗೂ ವಯಸ್ಸಾಗಿದೆ. ಸ್ಟೀಲಿನ ಪರಾತಗಳು ಬಂದಿವೆ. ನನ್ನ ಅಂಚು ಬಿರುಕು ಬಿಟ್ಟಿದೆ, ಮೂಲೆಯಲ್ಲಿ ಈರುಳ್ಳಿ ತುಂಬಿಕೊಂಡು ಕೂತಿದ್ದೇನೆ. ಗುರುಗಳು ನಡೆದ ಜಾಗಗಳನ್ನು ನೋಡಲು ದೂರದಿಂದ ಬರುವ ಬಸ್ಸುಗಳು ಕೆಲವೊಮ್ಮೆ ನಮ್ಮೂರಿನ ಹತ್ತಿರ ನಿಲ್ಲುತ್ತವೆ. ಇಷ್ಟು ಸಣ್ಣ ಊರಿಗೆ ಎರಡು ಗುರುದ್ವಾರ ಯಾಕೆ ಎಂದು ಯಾತ್ರಿಕರು ಕೇಳುತ್ತಾರೆ. ಊರವರು "ಭಕ್ತರು ಜಾಸ್ತಿ" ಎನ್ನುತ್ತಾರೆ. ಆಗ ನನಗೆ ಈರುಳ್ಳಿಯ ಅಡಿಯಲ್ಲಿ ಇನ್ನಷ್ಟು ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಲಖ್ಬೀರನ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಹೊಲಕ್ಕೆ ಹೋಗುವಾಗ ಅವನ ಸ್ಕೂಟರ್ ನಮ್ಮ ಬಾಗಿಲ ಮುಂದೆ ಬಂದಾಗ ನಿಧಾನವಾಗುತ್ತದೆ. ಸೀಬೋ ಕೆಲಸ ಬಿಟ್ಟು ತಲೆ ಎತ್ತುತ್ತಾಳೆ. ಸ್ಕೂಟರ್ ನಿಲ್ಲುವುದಿಲ್ಲ.