ಅವಳ ನಾಲಿಗೆ, ಅವರ ತೀರ್ಮಾನ

ದರ್ಜಿಗಳ ಬಾಯಲ್ಲಿ ಗುಂಡುಸೂಜಿ ಇರುತ್ತದೆ. ಎರಡು ಕೈಗೂ ಬಟ್ಟೆ ಬೇಕು, ಸೂಜಿ ಹಿಡಿಯಲು ತುಟಿ ಬಿಟ್ಟರೆ ಬೇರೆ ಜಾಗವಿಲ್ಲ. ನನ್ನ ತಂಗಿ ಸೂಜಿ ಕಚ್ಚಿಕೊಂಡೇ ಗಿರಾಕಿಯನ್ನು ಬೈಯಬಲ್ಲಳು. ಹಾಗಾಗಿ ನಾಲಿಗೆಯ ಅಂಚಿನಲ್ಲಿ ಹುಣ್ಣಾದಾಗ ಅಂಗಡಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸೂಜಿ ಚುಚ್ಚಿದೆ ಎಂದಳು. ಬಟ್ಟೆ ಕತ್ತರಿಸುವ ಅವಳ ಗಂಡ, ಉಪ್ಪುನೀರು ಮುಕ್ಕಳಿಸು ಎಂದ. ಇಸ್ತ್ರಿ ಮಾಡುವ ನನಗೂ ಹಾಗೇ ಕಂಡಿತು. ದರ್ಜಿ ಅಂಗಡಿಯಲ್ಲಿ ಅಂಥ ಗಾಯ ಆಗುತ್ತದೆ, ಮಾಯುತ್ತದೆ. ಇದು ಮಾಯಲಿಲ್ಲ. ಚಳಿಗಾಲವೇ ಕಳೆದುಹೋಯಿತು.

ಆಸ್ಪತ್ರೆಯಲ್ಲಿ ಚೂರು ತೆಗೆದು ನೋಡಿ ಕ್ಯಾನ್ಸರ್ ಎಂದರು. ನಾಲಿಗೆಯ ಒಂದು ಭಾಗ ತೆಗೆಯಬೇಕು, ಗುರುವಾರ ಆಪರೇಷನ್ ಎಂದು ಸರ್ಜನ್ ಅಮ್ಮ ದಿನ ಗೊತ್ತುಮಾಡಿದರು. ತಂಗಿ ಒಪ್ಪಿದಳು.

"ಮಾತು ತೊದಲಿದ್ರೆ ತೊದಲಲಿ ಬಿಡಣ್ಣ. ಇವರಿಗೆ ಅರ್ಥ ಆಗದಿದ್ರೆ ಅಳತೆ ಕೋಲು ಇದೆಯಲ್ಲ" ಎಂದು ಗಂಡನನ್ನು ನೋಡಿ ನಕ್ಕಳು.

ಆ ಚೂರನ್ನೇ ಅವಳ ಒಪ್ಪಿಗೆ ಪಡೆದು ಯಾವುದೋ ಅಧ್ಯಯನಕ್ಕೂ ಕಳಿಸಿದ್ದರು. ಮಂಗಳವಾರ ಲ್ಯಾಬಿನ ಕಿರಿಯ ಡಾಕ್ಟರೊಬ್ಬ ಕಾರಿಡಾರಿನಲ್ಲಿ ನನ್ನನ್ನೂ ಅವಳ ಗಂಡನನ್ನೂ ನಿಲ್ಲಿಸಿ ಫೋನಿನಲ್ಲಿ ಚಿತ್ರ ತೋರಿಸಿದ. ನೀಲಿಯ ಮೇಲೆ ಕಂದು ಚುಕ್ಕೆಗಳು.

"ಮೈಯಲ್ಲಿ ರೋಗದ ಜೊತೆ ಹೊಡೆದಾಡೋ ಕಣಗಳಿರ್ತವೆ. ಅವು ಅತಿ ಮಾಡಿ ನಮ್ಮ ಮೈಯನ್ನೇ ಹೊಡೀಬಾರದು ಅಂತ ತಡೆಯೋ ಕಣಗಳೂ ಇರ್ತವೆ. ಈ ಕಂದು ಬಣ್ಣದ್ದೆಲ್ಲ ತಡೆಯೋವು. ಗಡ್ಡೆ ಒಳಗೆ ಇವೇ ತುಂಬಿವೆ."

"ತುಂಬಿದ್ರೆ ಏನಾಯ್ತು?" ಎಂದು ಅವಳ ಗಂಡ ಕೇಳಿದ.

"ಹೊಡೆಯೋರ ಕೈ ಹಿಡ್ಕೊಂಡುಬಿಡ್ತವೆ. ಹೀಗಿದ್ದೋರು ಸಾಮಾನ್ಯವಾಗಿ ಹೆಚ್ಚು ದಿನ..." ಅಷ್ಟರಲ್ಲಿ ಫೋನ್ ಬಂತು. ಕಿವಿಗಿಟ್ಟುಕೊಂಡು ಹೊರಟೇಹೋದ.

ಒಬ್ಬಳ ಆಯುಷ್ಯದ ಮಾತನ್ನು ಅರ್ಧಕ್ಕೆ ಬಿಟ್ಟು ಹೋಗುವುದೆಂದರೇನು? ನಾವು ಒಂದೇ ತೋಳು ಹೊಲಿದು ಅಂಗಿ ಕೊಟ್ಟರೆ ಗಿರಾಕಿ ಮುಖಕ್ಕೆ ಎಸೆಯುತ್ತಾನೆ.

ತಂಗಿಯ ಗಂಡ ಗೋಡೆಗೆ ಒರಗಿ ನಿಂತ. "ಹೇಗೂ ಉಳಿಯಲ್ಲ ಅಂದ್ಮೇಲೆ ನಾಲಿಗೆ ಯಾಕೆ ಕತ್ತರಿಸ್ಬೇಕು ಭಾವ? ಇರೋಷ್ಟು ದಿನ ಮಾತಾಡ್ಕೊಂಡಿರ್ಲಿ."

"ಅವಳನ್ನ ಕೇಳು."

"ಕೇಳಿದ್ರೆ ಎದೆ ಒಡ್ಕೋತಾಳೆ. ನೀವು ಸುಮ್ಮನಿರಿ."

ಅವನು ನೆಟ್ಟಗೆ ಕೌಂಟರಿಗೆ ಹೋಗಿ ಆಪರೇಷನ್ ಬೇಡ ಎಂದ. ಗುಮಾಸ್ತ ಹೆಸರು ಹೊಡೆದುಹಾಕಿದ. ಅಷ್ಟೇ. ಒಂದು ಪ್ಯಾಂಟಿನ ಉದ್ದ ತಗ್ಗಿಸುವುದಕ್ಕೂ ನಾವು ಹಾಕಿಕೊಳ್ಳುವವನನ್ನು ಎರಡು ಸಲ ಕೇಳುತ್ತೇವೆ. ತಂಗಿಗೆ ಮಾತ್ರ, ದಿನ ಮುಂದಕ್ಕೆ ಹೋಯಿತು ಎಂದು ಸುಳ್ಳು ಹೇಳಿದ. ನಾನು ಮೊದಲಿಂದಲೂ ಮಾತು ಕಡಿಮೆಯವನು. ಆದರೂ ಮರುದಿನ ಬೆಳಿಗ್ಗೆಯೇ ಸರ್ಜನ್ ಅಮ್ಮನ ಬಾಗಿಲಿಗೆ ಹೋದೆ.

ನಡೆದದ್ದನ್ನು ಕೇಳಿ ಅವರ ಮುಖ ಕೆಂಪಾಯಿತು. "ಹಾಗಾದ್ರೆ ಬೇಡ ಅಂದಿದ್ದು ಆಕೆ ಅಲ್ವಾ? ಯಜಮಾನ್ರೇ, ಆ ಕಣಗಳ ಲೆಕ್ಕ ಇನ್ನೂ ಅಧ್ಯಯನದಲ್ಲೇ ಇದೆ. ಅವು ಹೆಚ್ಚಿದ್ದೋರು ಬೇಗ ಹೋದ್ರು ಅಂತ ಕೆಲವು ಕಡೆ ಕಂಡಿದೆ, ಅಂಥೋರೇ ಚೆನ್ನಾಗಿದ್ರು ಅಂತ ಇನ್ನು ಕೆಲವು ಕಡೆ. ಗಡ್ಡೆಯಲ್ಲಿ ಎಲ್ಲಿ ಕೂತಿವೆ ಅನ್ನೋದೂ ಮುಖ್ಯ. ಅದನ್ನ ನೋಡಿ ಯಾರೂ ಆಪರೇಷನ್ ಬಿಡೋದಿಲ್ಲ. ಉಳಿಸ್ತೀನಿ ಅಂತ ಮಾತು ಕೊಡಲಾರೆ. ಆದರೆ ಕುತ್ತಿಗೆಗೆ ಹರಡಿಲ್ಲ, ಈಗ ತೆಗೆದ್ರೆ ಅವಕಾಶ ಇದೆ. ತಡ ಮಾಡಿದ್ರೆ ಕಷ್ಟ. ಆಕೆಯೇ ಬಂದು ಹೇಳ್ಲಿ."

ಅಂಗಡಿಗೆ ಬಂದು ಎಲ್ಲವನ್ನೂ ತಂಗಿಗೆ ಹೇಳಿದೆ. ಅವಳು ಹೊಲಿಗೆಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು.

"ಏನ್ರೀ, ಈ ನಾಲಿಗೆ ನಿಮ್ಮಪ್ಪನ ಮನೆಯಿಂದ ಬಂದಿದ್ದಾ?"

ಅವನು ಕತ್ತರಿ ಕೆಳಗಿಟ್ಟ. "ನಿನ್ನ ಸಂಕಟ ನೋಡಕ್ಕಾಗಲ್ಲ ಕಣೇ."

"ನೋಡಕ್ಕಾಗದಿದ್ರೆ ನಿಮ್ಮ ಕಣ್ಣು ಮುಚ್ಕೊಳ್ಳಿ. ನನ್ನ ಬಾಯಿ ಯಾಕೆ ಮುಚ್ತೀರಿ?"

ಅವನು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಳು, ನಾವಿಬ್ಬರೂ ಹಿಂದೆ ಹಿಂದೆ.

ಕೌಂಟರಿನ ಗುಮಾಸ್ತ ಅವಳ ಹೆಗಲ ಮೇಲಿಂದ ಗಂಡನನ್ನು ನೋಡಿ, "ನಾಳೆಯ ಜಾಗ ಬೇರೆಯವರಿಗೆ ಹೋಯ್ತು ಸಾರ್. ಇನ್ನು ಮುಂದಿನ ತಿಂಗಳೇ" ಎಂದ.

"ಕಾಯಿಲೆ ನನಗೆ. ನನ್ನನ್ನ ನೋಡಿ ಮಾತಾಡಿ" ಎಂದಳು ತಂಗಿ. "ನಾಳೆ ಬೆಳಿಗ್ಗೆ ಬಂದು ಆಪರೇಷನ್ ಕೋಣೆ ಬಾಗಿಲ ಮುಂದೆ ಕೂರ್ತೀನಿ. ಬರಬೇಕಾದೋರು ಯಾರಾದ್ರೂ ಬರದಿದ್ರೆ ನನ್ನ ಕರೀರಿ. ನಾಳೆ ಇಲ್ಲದಿದ್ರೆ ನಾಡಿದ್ದೂ ಬರ್ತೀನಿ."

"ಹಾಗೆಲ್ಲ ಕೂರೋ ಪದ್ಧತಿ ಇಲ್ಲಮ್ಮಾ."

"ನನ್ನ ಕೇಳದೆ ಹೊಡೆದುಹಾಕೋ ಪದ್ಧತಿ ಇದೆಯಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತ ಸರ್ಜನ್ ಅಮ್ಮನ ಕೋಣೆಗೆ ಫೋನ್ ಹಚ್ಚಿದ.